ಹೆಸರು ಬೇಡ, ಜಾಗ ಹೇಳಿ: ಠಾಣೆಯ ಅಪಘಾತ ದಾಖಲೆ ಕೇಳಿದ ಒಂದು ಪ್ರಕರಣ

ಈ ಬರಹದಲ್ಲಿ ಊರು, ಠಾಣೆ, ಜನ ಯಾರ ಹೆಸರೂ ಇಲ್ಲ. ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಕಾನೂನಿನ ಕಲಮುಗಳು ಮತ್ತು ತೀರ್ಪುಗಳು ಮಾತ್ರ ಇದ್ದಂತೆಯೇ ಇವೆ. ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಡುವ ಕೆಲಸದಲ್ಲಿರುವ ನನ್ನ ಬಳಿ ಈ ವಿಷಯ ಅರ್ಧ ದಾರಿಯಲ್ಲಿ ಬಂತು. ಮೊದಲಿನ ಭಾಗ ದಾಖಲೆ ಕೇಳಿದವರು ಹೇಳಿದ್ದು ಮತ್ತು ಅವರ ಫೈಲಿನಲ್ಲಿದ್ದದ್ದು.

ಹಿನ್ನೆಲೆ

ಕಬ್ಬು ಬೆಳೆಯುವ ಸೀಮೆಯ ಒಂದು ತಾಲೂಕು ಪಟ್ಟಣ. ಊರು ದಾಟಿದ ಮೇಲೆ ರಾಜ್ಯ ಹೆದ್ದಾರಿಯಲ್ಲಿ ಒಂದು ತಿರುವು. ತಿರುವಿನ ಒಂದು ಬದಿಗೆ ಕಬ್ಬಿನ ಗಾಡಿ ತೂಗುವ ವೇಬ್ರಿಡ್ಜ್, ಇನ್ನೊಂದು ಬದಿಗೆ ಬೇಕರಿ, ಪಕ್ಕದಲ್ಲೇ ಪಂಕ್ಚರ್ ಅಂಗಡಿ. ಅಲ್ಲಿ ಆಗಾಗ ಬೈಕು ಬೀಳುತ್ತದೆ, ಯಾರಿಗೋ ಕಾಲು ಮುರಿಯುತ್ತದೆ, ಒಮ್ಮೊಮ್ಮೆ ಯಾರೋ ಸಾಯುತ್ತಾರೆ. ಎರಡು ದಿನ ಜನ ಮಾತಾಡುತ್ತಾರೆ, ಆಮೇಲೆ ಮರೆಯುತ್ತಾರೆ.

ಊರಿನ ನಿವೃತ್ತ ಮೇಷ್ಟ್ರೊಬ್ಬರು ಮರೆಯಲಿಲ್ಲ. ಬೇಕರಿಯವರು, ಇಬ್ಬರು ಆಟೊ ಚಾಲಕರು, ಡಿಗ್ರಿ ಓದುವ ಒಬ್ಬ ಹುಡುಗ ಅವರ ಜೊತೆ ಸೇರಿದರು. ಬೇಡಿಕೆ ಸರಳವಾಗಿತ್ತು. ತಿರುವಿಗೆ ದೀಪ ಬೇಕು, ವೇಗ ತಗ್ಗಿಸಲು ಏನಾದರೂ ಬೇಕು, ಸಾಧ್ಯವಾದರೆ ರಸ್ತೆಯನ್ನೂ ಸ್ವಲ್ಪ ನೇರ ಮಾಡಬೇಕು. ಲೋಕೋಪಯೋಗಿ ಇಲಾಖೆಗೆ ಮನವಿ ಕೊಟ್ಟರು. ಅಲ್ಲಿನ ಎಂಜಿನಿಯರ್ ಒಳ್ಳೆಯ ಮನುಷ್ಯ. 'ಸುಮ್ನೆ ಮನವಿ ಕೊಟ್ರೆ ಫೈಲು ಮುಂದಕ್ಕೆ ಹೋಗಲ್ಲ ಮೇಷ್ಟ್ರೇ, ಬ್ಲ್ಯಾಕ್ ಸ್ಪಾಟ್ ಅಂತ ತೋರಿಸಿ, ಆಗ ದುಡ್ಡು ಕೇಳಬಹುದು' ಅಂದರು.

ಬ್ಲ್ಯಾಕ್ ಸ್ಪಾಟ್ ಅಂದರೆ ಪದೇ ಪದೇ ಅಪಘಾತ ಆಗುವ ಜಾಗ. ಅದಕ್ಕೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಒಂದು ಅಳತೆ ಇದೆ. ಸುಮಾರು 500 ಮೀಟರ್ ಉದ್ದದ ರಸ್ತೆ, ಹಿಂದಿನ 3 ಕ್ಯಾಲೆಂಡರ್ ವರ್ಷಗಳ ಲೆಕ್ಕ. ಅಷ್ಟರಲ್ಲಿ ಸಾವು ಅಥವಾ ತೀವ್ರ ಗಾಯ ಆದ 5 ಅಪಘಾತಗಳು ನಡೆದಿರಬೇಕು, ಇಲ್ಲವೇ ಒಟ್ಟು 10 ಸಾವು ಆಗಿರಬೇಕು. ರಾಷ್ಟ್ರೀಯ ಹೆದ್ದಾರಿಗಳಿಗೆಂದು ಮಾಡಿದ ಈ ಅಳತೆಯನ್ನೇ ಎಂಜಿನಿಯರ್ ಇಲ್ಲೂ ಹಿಡಿದರು. ಲೆಕ್ಕ ಸಿಗುವ ಜಾಗ ಪೊಲೀಸ್ ಠಾಣೆ.

ಇಲ್ಲಿ ಒಂದು ಮಾತು ಗಮನಿಸಬೇಕು. ಈ ಅಳತೆಯಲ್ಲಿ ಎಲ್ಲಿಯೂ ಮನುಷ್ಯರ ಹೆಸರು ಬರುವುದಿಲ್ಲ. ಎಲ್ಲಿ, ಯಾವಾಗ, ಎಷ್ಟು ಪೆಟ್ಟು, ಇಷ್ಟೇ. ಆದರೆ ಮೊದಲ ಆರು ತಿಂಗಳ ಜಗಳವೆಲ್ಲ ನಡೆದದ್ದು ಹೆಸರುಗಳ ಸುತ್ತಲೇ.

ಮೊದಲ ಅರ್ಜಿ, ಮೊದಲ ಹಿಂಬರಹ

ಮೇಷ್ಟ್ರು ತಾವೇ ಅರ್ಜಿ ಬರೆದರು. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದರು. 3 ವರ್ಷಗಳಲ್ಲಿ ಆ ರಸ್ತೆಯಲ್ಲಿ ನಡೆದ ಎಲ್ಲ ಅಪಘಾತಗಳ ಎಫ್‌ಐಆರ್, ಸ್ಥಳ ಮಹಜರು, ಸಾಕ್ಷಿಗಳ ಹೇಳಿಕೆ, ವೂಂಡ್ ಸರ್ಟಿಫಿಕೇಟ್, ಪಿಎಂ (ಮರಣೋತ್ತರ ಪರೀಕ್ಷೆಯ) ರಿಪೋರ್ಟ್, ಐಎಂವಿ (ಮೋಟಾರು ವಾಹನ ನಿರೀಕ್ಷಕರ) ವರದಿ, ಚಾರ್ಜ್‌ಶೀಟ್, ಇವುಗಳ ದೃಢೀಕೃತ ಪ್ರತಿ ಕೊಡಿ ಎಂದು ಕೇಳಿದರು. ಅರ್ಜಿ ಎರಡು ಪುಟ ತುಂಬಿತ್ತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಇದೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಅದೊಂದೇ ಕಾರಣಕ್ಕೆ ತಳ್ಳಿಹಾಕಬಹುದಿತ್ತು. ಠಾಣೆಯವರು ಹಾಗೆ ಮಾಡಲಿಲ್ಲ.

ಅವರು ಕೊಟ್ಟ ಹಿಂಬರಹ, ಅಂದರೆ ಲಿಖಿತ ಉತ್ತರ, ಒಂದೇ ವಾಕ್ಯದ್ದು. ತಾವು ಕೋರಿರುವ ಮಾಹಿತಿಯು ಮಾಹಿತಿ ಹಕ್ಕು ಅಧಿನಿಯಮ 2005ರ ಕಲಂ 8(1)(ಹೆಚ್) ಮತ್ತು 8(1)(ಜೆ) ಅಡಿಯಲ್ಲಿ ಬರುವುದರಿಂದ ನೀಡಲು ಅವಕಾಶವಿರುವುದಿಲ್ಲ, ಅಂತ. ಮೊದಲನೆಯದು ತನಿಖೆಗೆ ಅಡ್ಡಿಯಾಗುವ ಮಾಹಿತಿ, ಎರಡನೆಯದು ವೈಯಕ್ತಿಕ ಮಾಹಿತಿ. ಯಾವ ಕಾಗದ ಯಾವ ಕಾರಣಕ್ಕೆ ಕೊಡಲಾಗದು ಎಂದು ಬಿಡಿಸಿ ಹೇಳಿರಲಿಲ್ಲ.

ಈ ಹಿಂಬರಹ ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ಯಾರದೋ ಪಿಎಂ ರಿಪೋರ್ಟು ಬೇಕರಿ ಮುಂದೆ ಕೈಯಿಂದ ಕೈಗೆ ಓಡಾಡಬೇಕಾ? ವೂಂಡ್ ಸರ್ಟಿಫಿಕೇಟ್ ಅಂದರೆ ಒಬ್ಬರ ಮೈಯ ವಿವರ. ಚಾರ್ಜ್‌ಶೀಟನ್ನು ಎಲ್ಲರಿಗೂ ಕಾಣುವಂತೆ ವೆಬ್‌ಸೈಟಿಗೆ ಹಾಕಬೇಕಿಲ್ಲ, ಅದು ಸಾರ್ವಜನಿಕ ದಾಖಲೆ ಅಲ್ಲ ಎಂದು ಸುಪ್ರೀಂ ಕೋರ್ಟೇ 2023ರ ಜನವರಿಯಲ್ಲಿ ಹೇಳಿದೆ. ಆದರೆ ಠಾಣೆಯವರು ಮಾಡಿದ್ದು ಬೇರೆ. ಕೊಡಬಾರದ ನಾಲ್ಕು ಕಾಗದದ ನೆಪದಲ್ಲಿ ಕೊಡಬಹುದಾದ ಹತ್ತು ಸಂಗತಿಗಳಿಗೂ ಬಾಗಿಲು ಹಾಕಿದರು. ಅದೇ ಕಾಯ್ದೆಯ ಕಲಂ 10 ಇರುವುದೇ ಇದಕ್ಕೆ. ಕೊಡಬಾರದ ಭಾಗ ತೆಗೆದು ಉಳಿದದ್ದನ್ನು ಕೊಡಿ ಎನ್ನುತ್ತದೆ ಅದು. ನಾನು ನೋಡಿದ ಪೊಲೀಸ್ ಹಿಂಬರಹಗಳಲ್ಲಿ ಕಲಂ 10ರ ಹೆಸರು ಕಂಡದ್ದು ತೀರಾ ಅಪರೂಪ.

ಮುಂಬಾಗಿಲು ಮುಚ್ಚಿತ್ತು, ವೆಬ್‌ಸೈಟ್ ತೆರೆದಿತ್ತು

ಹಿಂಬರಹ ನೋಡಿ ಎಲ್ಲರಿಗೂ ಸಿಟ್ಟು ಬಂತು. ಡಿಗ್ರಿ ಹುಡುಗ ಬೇರೆ ದಾರಿ ಕಂಡುಕೊಂಡ. ಎಫ್‌ಐಆರ್ ಅನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 7ರಂದು ಆದೇಶ ಕೊಟ್ಟಿದೆ. ನೆಟ್‌ವರ್ಕ್ ಕಷ್ಟದ ಕಡೆ 72 ಗಂಟೆವರೆಗೂ ಸಮಯ ಇದೆ. ಆದೇಶದ ಉದ್ದೇಶ ಒಳ್ಳೆಯದು. ತನ್ನ ಮೇಲೆ ಏನು ಕೇಸು ಬಿದ್ದಿದೆ ಎಂದು ಆರೋಪಿಗೆ ಬೇಗ ಗೊತ್ತಾಗಬೇಕು, ಜಾಮೀನಿಗೆ ಓಡಾಡಲು ಅನುಕೂಲ ಆಗಬೇಕು. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆ ಮುಂತಾದ ಸೂಕ್ಷ್ಮ ಪ್ರಕರಣಗಳನ್ನು ಹಾಕಬೇಕಿಲ್ಲ. ಹಾಕಬಾರದೆಂದು ತೀರ್ಮಾನಿಸುವ ಅಧಿಕಾರಿ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿರಬಾರದು.

ಅಪಘಾತದ ಕೇಸನ್ನು ಯಾರೂ ಸೂಕ್ಷ್ಮ ಅಂದುಕೊಳ್ಳುವುದಿಲ್ಲ. ಹಾಗಾಗಿ ಎಲ್ಲವೂ ಅಲ್ಲಿತ್ತು. ಜಿಲ್ಲೆ, ಠಾಣೆ, ವರ್ಷ, ನಂಬರ್ ಹಾಕಿದರೆ ಎಫ್‌ಐಆರ್ ತೆರೆದುಕೊಳ್ಳುತ್ತದೆ. ಹುಡುಗ ಒಂದರಿಂದ ಶುರು ಮಾಡಿ ನಂಬರ್ ಹಾಕುತ್ತಾ ಹೋದ. ತಿರುವಿಗೆ ಸೇರಿದ್ದನ್ನೆಲ್ಲ ಇಳಿಸಿಕೊಂಡು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. 'ಪೊಲೀಸರು ಮುಚ್ಚಿಟ್ಟ ದಾಖಲೆ ನೋಡಿ' ಎಂದು ಬರೆದ. ಮುಚ್ಚಿಟ್ಟದ್ದೇನೂ ಅಲ್ಲ, ಆದರೆ ಹಾಗೆ ಬರೆದರೆ ಜನ ಜಾಸ್ತಿ ನೋಡುತ್ತಾರೆ, ಅಲ್ವಾ.

ಎಫ್‌ಐಆರ್ ನಮೂನೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಪಿರ್ಯಾದಿದಾರರ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಉದ್ಯೋಗ, ಜಾತಿ, ವಿಳಾಸ, ಫೋನ್ ನಂಬರ್. ಕೆಳಗೆ ನೊಂದವರ ವಿವರ. ಆಮೇಲೆ ಪಿರ್ಯಾದಿನ ಸಾರಾಂಶ. ಅದರಲ್ಲಿ ಯಾರು ಗಾಡಿ ಓಡಿಸುತ್ತಿದ್ದರು, ಹಿಂದೆ ಯಾರು ಕೂತಿದ್ದರು, ಎಲ್ಲಿಂದ ಎಲ್ಲಿಗೆ ಹೊರಟಿದ್ದರು, ಎಷ್ಟು ಹೊತ್ತಿನಲ್ಲಿ, ಎಲ್ಲ ಇರುತ್ತದೆ.

ಆ ಕಟ್ಟಿನಲ್ಲಿ ಒಂದು ಕೇಸು ಹೀಗಿತ್ತು. ರಾತ್ರಿ ಹೊತ್ತು ಬೈಕೊಂದು ನಿಂತಿದ್ದ ಟ್ರೈಲರ್‌ಗೆ ಗುದ್ದಿತ್ತು. ಓಡಿಸುತ್ತಿದ್ದ ಯುವಕನಿಗೆ ಕೈ ಮುರಿದಿತ್ತು. ಹಿಂದೆ ಕೂತಿದ್ದ ಯುವತಿಗೆ ತರಚು ಗಾಯ. ಬಸ್‌ಸ್ಟ್ಯಾಂಡಿನಲ್ಲಿ ಜಾರಿ ಬಿದ್ದೆ ಎಂದು ಅವಳು ಮನೆಯಲ್ಲಿ ಹೇಳಿದ್ದಳು. ಪಿರ್ಯಾದು ಕೊಟ್ಟದ್ದು ಯುವಕನ ಅಣ್ಣ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(2) ಪ್ರಕಾರ ನೊಂದವರೂ ಎಫ್‌ಐಆರ್ ಪ್ರತಿ ಉಚಿತವಾಗಿ ಪಡೆಯಬಹುದು. ಅವಳಿಗೆ ಯಾರೂ ಕೊಟ್ಟಿರಲಿಲ್ಲ, ಅವಳು ಕೇಳಿಯೂ ಇರಲಿಲ್ಲ. ತನ್ನ ಹೆಸರಿರುವ ಎಫ್‌ಐಆರ್ ಅವಳು ಮೊದಲು ನೋಡಿದ್ದು ಚಿಕ್ಕಪ್ಪನ ಮೊಬೈಲಿನಲ್ಲಿ.

ಮುಂದಿನದ್ದನ್ನು ಬಿಡಿಸಿ ಬರೆಯುವುದಿಲ್ಲ. ಅವಳು ಕೆಲಸಕ್ಕೆ ಬರುವುದು ಕೆಲವು ವಾರ ನಿಂತಿತು. ಅದೇ ಕಟ್ಟಿನಲ್ಲಿದ್ದ ಬೇರೆ ಮನೆಗಳಿಗೆ 'ಕ್ಲೇಮ್ ಮಾಡಿಸಿಕೊಡ್ತೀವಿ' ಎಂದು ಗುರುತಿಲ್ಲದವರ ಫೋನ್ ಬರತೊಡಗಿತು. ಒಂದು ಸಂಜೆ ಯುವತಿಯ ಅಣ್ಣ ಮೇಷ್ಟ್ರ ಮನೆಗೆ ಬಂದ. ಕೂಗಾಡಲಿಲ್ಲ. 'ರಸ್ತೆಗೆ ದೀಪ ಬೇಕು ಅಂದ್ರೆ ನನ್ನ ತಂಗಿ ಹೆಸರು ಯಾಕೆ ಬೇಕಿತ್ತು ಸಾರ್?' ಎಂದು ಕೇಳಿ ಹೋದ.

ಗುಂಪಿನೊಳಗಿನ ತಕರಾರು

ಮೇಷ್ಟ್ರು ನನ್ನ ಹತ್ತಿರ ಬಂದದ್ದು ಇದಾದ ಮೇಲೆ. ಬೇಕರಿಯ ಹಿಂದಿನ ಕೋಣೆಯಲ್ಲಿ ಎಲ್ಲರೂ ಕೂತರು. ಆಟೊ ಚಾಲಕರೊಬ್ಬರ ಮಾತು ನೇರವಾಗಿತ್ತು. ಸರ್ಕಾರವೇ ವೆಬ್‌ಸೈಟಿಗೆ ಹಾಕಿದ್ದು, ನಾವೇನು ಕದ್ದು ತಂದೆವಾ? ಹುಡುಗನ ವಾದವೂ ಅದೇ. ಕೇಳಲು ಸರಿಯಾಗಿಯೇ ಇದೆ.

ಆದರೆ ವೆಬ್‌ಸೈಟಿನಲ್ಲಿ ಆ ಎಫ್‌ಐಆರ್ ಬೇಕಾದವರು ಠಾಣೆ, ವರ್ಷ, ನಂಬರ್ ಗೊತ್ತಿದ್ದು ಹುಡುಕಬೇಕು. ಕೇಸಿಗೆ ಸಂಬಂಧಪಟ್ಟವರಿಗೆ ಅದು ಗೊತ್ತಿರುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಅದೇ ಕಾಗದ ಅವಳ ಬೀದಿಯವರ, ನೆಂಟರ, ಕೆಲಸದವರ ಕೈಗೆ ತಾನಾಗಿಯೇ ಹೋಗುತ್ತದೆ. ಕಾಗದ ಒಂದೇ, ತಲುಪುವ ಜನ ಬೇರೆ. ನಮ್ಮ ಹೈಕೋರ್ಟು 2017ರ ಜನವರಿಯಲ್ಲಿ ಇದಕ್ಕೆ ಹತ್ತಿರದ ಒಂದು ಪ್ರಶ್ನೆ ನೋಡಿತ್ತು. ಮಗಳ ಹೆಸರು ಗೂಗಲ್‌ನಲ್ಲಿ ಹುಡುಕಿದರೆ ಹಳೆಯ ಕ್ರಿಮಿನಲ್ ಕೇಸಿನ ಆದೇಶ ಸಿಗುತ್ತದೆ ಎಂದು ತಂದೆಯೊಬ್ಬರು ಅರ್ಜಿ ಹಾಕಿದ್ದರು. ಇಂಟರ್ನೆಟ್ ಹುಡುಕಾಟದಲ್ಲಿ ಅವಳ ಹೆಸರು ಕಾಣದಂತೆ ನೋಡಿಕೊಳ್ಳಿ, ಆದರೆ ದೃಢೀಕೃತ ಪ್ರತಿ ಕೇಳಿದವರಿಗೆ ಹೆಸರು ಇರುವ ಪ್ರತಿಯೇ ಸಿಗಲಿ ಎಂದು ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಹೇಳಿದರು. ದಾಖಲೆ ಅಳಿಸಲಿಲ್ಲ, ಹುಡುಕುವ ದಾರಿ ಮಾತ್ರ ಬದಲಾಯಿತು. (ತಮಾಷೆ ಅಂದರೆ ಆ ತೀರ್ಪು ಇವತ್ತಿಗೂ ಕಾನೂನು ಪುಸ್ತಕಗಳಲ್ಲಿ ಆ ತಂದೆಯ ಹೆಸರಿನಿಂದಲೇ ಓಡಾಡುತ್ತಿದೆ.) ಅದೇ ವರ್ಷದ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಕೇಸು ಹಾಕಿದವರೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೇ, ಕೆ.ಎಸ್. ಪುಟ್ಟಸ್ವಾಮಿ.

ಈ ತೀರ್ಪುಗಳನ್ನು ಕೇಳಿ ಯಾರೂ ಮನಸ್ಸು ಬದಲಿಸಲಿಲ್ಲ. ಬದಲಾಯಿಸಿದ್ದು ಬೇಕರಿಯವರ ಒಂದು ಪ್ರಶ್ನೆ. 'ಎಂಜಿನಿಯರ್ ಕೇಳಿದ ಪಟ್ಟಿಯಲ್ಲಿ ಹೆಸರಿನ ಕಾಲಂ ಇದೆಯಾ?' ಮೇಷ್ಟ್ರು ಕನ್ನಡಕ ಹಾಕಿಕೊಂಡು ಎಂಜಿನಿಯರ್ ಕೊಟ್ಟಿದ್ದ ನಮೂನೆ ತೆಗೆದು ನೋಡಿದರು. ಇರಲಿಲ್ಲ. ಪಿಡಿಎಫ್‌ಗಳನ್ನು ಗುಂಪಿನಿಂದ ತೆಗೆಸಿದರು. ಅಷ್ಟರಲ್ಲಿ ಅವು ಬೇರೆ ಗುಂಪುಗಳಿಗೆ ಹೋಗಿದ್ದವು. ಅದಕ್ಕೆ ಮದ್ದಿಲ್ಲ.

ಎರಡನೇ ಅರ್ಜಿ: ಯಾವ ಕಾಲಂ ಇರಲಿ, ಯಾವುದು ಬೇಡ

ಹೊಸ ಅರ್ಜಿ ಬರೆಯಲು ಕೂತಾಗ ಒಂದೊಂದು ಕಾಲಮಿಗೂ ಚರ್ಚೆ ಆಯಿತು. ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವ ಭಾಗ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೆಸರು, ವಿಳಾಸ, ಫೋನ್, ಜಾತಿ ಬೇಡ ಎನ್ನುವುದರಲ್ಲಿ ತಕರಾರಿರಲಿಲ್ಲ. ತಕರಾರು ಬಂದದ್ದು ಎಫ್‌ಐಆರ್ ನಂಬರಿಗೆ. ಅಂದರೆ ಠಾಣೆಯ ಭಾಷೆಯಲ್ಲಿ ಮೊಕದ್ದಮೆ ಸಂಖ್ಯೆ. ಅದು ಇಲ್ಲದಿದ್ದರೆ ಪೊಲೀಸರು ಕೊಟ್ಟ ಪಟ್ಟಿ ಪೂರ್ತಿ ಇದೆಯಾ ಅಂತ ಪರೀಕ್ಷಿಸುವುದು ಹೇಗೆ ಎಂದು ಮೇಷ್ಟ್ರ ವಾದ. ನ್ಯಾಯವಾದದ್ದೇ. ಆದರೆ ಹೆಸರು ಮುಚ್ಚಿ ನಂಬರ್ ಕೊಟ್ಟರೆ ಏನಾಗುತ್ತದೆ? ನಂಬರನ್ನು ವೆಬ್‌ಸೈಟಿನಲ್ಲಿ ಹಾಕಿದರೆ ಮುಚ್ಚಿದ ಹೆಸರೆಲ್ಲ ಎದ್ದು ಬರುತ್ತದೆ. ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ. ಕೊನೆಗೆ ನಂಬರ್ ಬಿಟ್ಟೆವು, ಬರೀ ಕ್ರಮಸಂಖ್ಯೆ ಕೇಳಿದೆವು. ಪರೀಕ್ಷೆಗೆ ಬೇರೆ ದಾರಿ ಹುಡುಕೋಣ ಎಂದಾಯಿತು.

ಎರಡನೆಯದು ತಾರೀಖು. ಸಣ್ಣ ಊರಿನಲ್ಲಿ 'ಇಂಥ ತಾರೀಖು, ರಾತ್ರಿ 9 ಗಂಟೆ, ಬೈಕು, ಹಿಂಬದಿ ಸವಾರೆ, 23 ವರ್ಷ' ಎಂದರೆ ಹೆಸರು ಬೇಕಾಗಿಲ್ಲ, ಅರ್ಧ ಊರಿಗೆ ಗೊತ್ತಾಗುತ್ತದೆ. ವಯಸ್ಸು ಮತ್ತು ಹೆಣ್ಣು ಗಂಡು ಎನ್ನುವ ಕಾಲಂ ತೆಗೆದೆವು. ತಾರೀಖಿನ ಬದಲು ತಿಂಗಳು ಸಾಕು ಎಂದೆವು. ಗಂಟೆಯ ಬದಲು ಮೂರು ಮೂರು ಗಂಟೆಯ ಅವಧಿ. ಮೊದಲು ತಿಂಗಳನ್ನೂ ಬಿಟ್ಟು ವರ್ಷ ಮಾತ್ರ ಕೇಳೋಣ ಎಂದು ಹುಡುಗ ಹೇಳಿದ್ದ. ಪಾಪ, ಆ ಹೊತ್ತಿಗೆ ಅವನು ಎಲ್ಲರಿಗಿಂತ ಜಾಸ್ತಿ ಹೆದರಿದ್ದ. ಎಂಜಿನಿಯರಿಗೆ ಫೋನ್ ಮಾಡಿ ಕೇಳಿದಾಗ 'ತಿಂಗಳು ಇರಲಿ, ಮಳೆಗಾಲದ್ದಾ ಬೇಸಿಗೆಯದ್ದಾ ನೋಡ್ಬೇಕು' ಅಂದರು. ಈ ಒಂದು ಮಾತು ಮುಂದೆ ದೊಡ್ಡ ಉಪಕಾರ ಮಾಡಿತು.

ಮೂರನೆಯದು ಸ್ಥಳ ನಕ್ಷೆ. ಮಹಜರಿನ ಜೊತೆ ಪೊಲೀಸರು ಕೈಯಲ್ಲೇ ಬರೆಯುವ ನಕ್ಷೆ ಅದು. ರಸ್ತೆ ಹೇಗಿದೆ, ಗಾಡಿ ಎಲ್ಲಿ ಬಿದ್ದಿತ್ತು, ಬ್ರೇಕಿನ ಗುರುತು ಎಲ್ಲಿ, ದೀಪದ ಕಂಬ ಎಷ್ಟು ದೂರ. ರಸ್ತೆ ಸರಿ ಮಾಡುವವರಿಗೆ ಎಫ್‌ಐಆರ್‌ಗಿಂತ ಇದೇ ಹೆಚ್ಚು ಬೇಕು. ಪಂಚರ, ಅಂದರೆ ಮಹಜರಿನ ಸಾಕ್ಷಿಗಳ, ಹೆಸರು, ಸಹಿ ಮುಚ್ಚಿ ಇದನ್ನು ಕೊಡಿ ಎಂದು ಬರೆದೆವು. ಕಲಂ 10ನ್ನು ಅರ್ಜಿಯಲ್ಲೇ ಹಾಕಿದೆವು. ಎಲ್ಲ ಸೇರಿ 150 ಪದದೊಳಗೆ ಬಂತು.

ಮತ್ತೆ ನಿರಾಕರಣೆ, ಆಮೇಲೆ ಮೇಲ್ಮನವಿ

ಎರಡನೇ ಅರ್ಜಿಗೂ ಹಿಂಬರಹ ಬಂತು, ಈ ಸಲ 8(1)(ಹೆಚ್) ಮಾತ್ರ. ಕೆಲವು ಕೇಸು ತನಿಖೆಯಲ್ಲಿವೆ, ಕೆಲವು ನ್ಯಾಯಾಲಯದಲ್ಲಿವೆ ಎಂದು. ಕೇಸು ಬಾಕಿ ಇದೆ ಎನ್ನುವುದೊಂದೇ ಸಾಲದು, ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆ ಎಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲೇ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. 30 ದಿನದೊಳಗೆ ಕಲಂ 19(1)ರ ಮೊದಲ ಮೇಲ್ಮನವಿ ಹಾಕಿದೆವು. ಅದಕ್ಕೆ ಆ ತೀರ್ಪಿನ ಎರಡು ಸಾಲು ಸೇರಿಸಿದೆವು.

ವಿಚಾರಣೆಗೆ ಮೇಷ್ಟ್ರು, ನಾನು ಹೋದೆವು. ಮೇಲ್ಮನವಿ ಅಧಿಕಾರಿ ಫೈಲು ತೆರೆದು ಮೊದಲು ಕೇಳಿದ್ದು, 'ನಿಮಗೆ ಹೆಸರು ಬೇಕಾ?' ಮೇಷ್ಟ್ರು 'ಬೇಡ, ಜಾಗ ಹೇಳಿ ಸಾಕು' ಅಂದರು. ಅಧಿಕಾರಿ ಠಾಣೆಯವರ ಕಡೆ ತಿರುಗಿ, ಇದನ್ನು ಕೊಡಲು ಏನು ತೊಂದರೆ ಎಂದು ಕೇಳಿದರು. ಠಾಣೆಯಿಂದ ಬಂದಿದ್ದವರು ನಿಜ ಹೇಳಿದರು. ಹೀಗೆ ಪಟ್ಟಿ ಮಾಡಿಟ್ಟಿಲ್ಲ, ಫೈಲು ತೆಗೆದು ಕೂತು ಬರೆಯಬೇಕು, ಬಂದೋಬಸ್ತಿನ ನಡುವೆ ಜನ ಇಲ್ಲ. ಮೊದಲೇ ಹೀಗೆ ಹೇಳಿದ್ದರೆ ಎಷ್ಟೋ ಸಮಯ ಉಳಿಯುತ್ತಿತ್ತು. ಖಾಸಗಿತನದ ಕಲಮು, ತನಿಖೆಯ ಕಲಮು ಎರಡೂ ಅಲ್ಲಿ ಕೆಲಸದ ಹೊರೆಗೆ ಹಾಕಿದ ಮುಸುಕು.

ಅಪಘಾತದ ವಿವರವನ್ನು ಪೊಲೀಸರು ಐರಾಡ್ ಎನ್ನುವ ರಾಷ್ಟ್ರೀಯ ವ್ಯವಸ್ಥೆಗೆ ಹೇಗೂ ತುಂಬುತ್ತಾರಲ್ಲ ಎಂದು ನಾನು ನೆನಪಿಸಿದೆ. ಐಐಟಿ ಮದ್ರಾಸ್ ರೂಪಿಸಿದ್ದು ಅದು. ಮೊದಲು ಶುರುವಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಜಾಗ, ಹೊತ್ತು, ವಾಹನ, ಗಾಯ ಎಲ್ಲ ಅಲ್ಲಿ ಬೇರೆ ಬೇರೆ ಕಾಲಮಿನಲ್ಲೇ ಇರುತ್ತದೆ. ಅಧಿಕಾರಿ ಅದನ್ನೇ ಆಧಾರವಾಗಿಟ್ಟು ಪಟ್ಟಿ ಕೊಡಿ, ನಕ್ಷೆಗಳನ್ನು ಹೆಸರು ಮುಚ್ಚಿ ಕೊಡಿ ಎಂದು ಆದೇಶಿಸಿದರು.

ನಕ್ಷೆ ಪಡೆಯಲು ಹೋದ ದಿನದ ಒಂದು ಸಂಗತಿ ಇತರರಿಗೆ ಉಪಯೋಗ ಆಗಬಹುದು. ಠಾಣೆಯಲ್ಲಿ ಬರವಣಿಗೆ ಕೆಲಸ ನೋಡುವ ರೈಟರ್ ಪಂಚರ ಹೆಸರಿನ ಮೇಲೆ ಕಪ್ಪು ಮಾರ್ಕರ್ ಎಳೆದು ಕೊಟ್ಟರು. ಮೇಷ್ಟ್ರು ಹಾಳೆ ತಿರುಗಿಸಿ ಟ್ಯೂಬ್‌ಲೈಟಿಗೆ ಹಿಡಿದರು. ಹೆಸರು ಸಲೀಸಾಗಿ ಓದಲು ಬರುತ್ತಿತ್ತು. ರೈಟರ್‌ಗೇ ನಗು ಬಂತು. ಆಮೇಲೆ ಬಿಳಿ ಕಾಗದದ ಪಟ್ಟಿ ಕತ್ತರಿಸಿ ಹೆಸರಿನ ಮೇಲೆ ಇಟ್ಟು ಮತ್ತೊಮ್ಮೆ ಜೆರಾಕ್ಸ್ ತೆಗೆದರು. ಎರಡು ಹಾಳೆಗಳಲ್ಲಿ ಹೆಸರು ಕೆಳಗೆ ಮುಚ್ಚಿತ್ತು, ಮೇಲೆ ಟಿಪ್ಪಣಿಯಲ್ಲಿ 'ಪಿರ್ಯಾದಿಯ ತಮ್ಮನಾದ' ಎಂದು ಇಡೀ ಹೆಸರು ಹಾಗೇ ಉಳಿದಿತ್ತು. ಅದನ್ನೂ ಮುಚ್ಚಿಸಿಕೊಂಡೇ ತಂದೆವು. ಅರ್ಜಿದಾರನೇ ನಿಂತು ಹೆಸರು ಮುಚ್ಚಿಸುವುದನ್ನು ರೈಟರ್ ಮೊದಲ ಸಲ ನೋಡಿದರಂತೆ.

ಪಟ್ಟಿ ಪೂರ್ತಿ ಇದೆಯಾ ಎಂದು ನೋಡಲು ಕಲಂ 2(ಜೆ)ಯ ದಾಖಲೆ ಪರಿಶೀಲನೆ ಬಳಸಿದೆವು. ಮೇಷ್ಟ್ರು ಮತ್ತು ಒಬ್ಬ ಆಟೊ ಚಾಲಕರು ಕಚೇರಿಯಲ್ಲಿ ಕೂತು ಪಟ್ಟಿಯನ್ನು ಎಫ್‌ಐಆರ್ ಸೂಚಿಯ ಜೊತೆ ಹೋಲಿಸಿದರು. ಕಾನೂನಿನಲ್ಲಿ ಟಿಪ್ಪಣಿ ಬರೆದುಕೊಳ್ಳುವ ಹಕ್ಕೂ ಇದೆ. ನಾವಾಗಿಯೇ ಅದನ್ನು ಬಿಟ್ಟೆವು. ಬರೆಯುವುದಿಲ್ಲ, ಫೋಟೊ ತೆಗೆಯುವುದಿಲ್ಲ, ಎಣಿಸುತ್ತೇವೆ ಅಷ್ಟೇ ಎಂದೆವು. ಎಲ್ಲರೂ ಹೀಗೆ ಹಕ್ಕು ಬಿಟ್ಟುಕೊಡಬೇಕು ಅಂತಲ್ಲ. ಆ ಊರಿನಲ್ಲಿ, ಆಗಿಹೋದದ್ದರ ನಂತರ, ಅದು ಸರಿ ಅನಿಸಿತು.

ಪಟ್ಟಿ ಹೇಳಿದ್ದು

ಸಾವು ಮತ್ತು ತೀವ್ರ ಗಾಯದ ಅಪಘಾತಗಳು 5ರ ಗಡಿ ದಾಟಿದ್ದವು. ಅಷ್ಟು ನಮಗೆ ಮೊದಲೇ ಅಂದಾಜಿತ್ತು. ಅಂದಾಜಿಲ್ಲದೇ ಇದ್ದದ್ದು ತಿಂಗಳಿನ ಕಾಲಂ ತೋರಿಸಿದ ಸಂಗತಿ. ಹೆಚ್ಚಿನವು ನವೆಂಬರ್‌ನಿಂದ ಫೆಬ್ರವರಿ ಒಳಗೆ ಆಗಿದ್ದವು. ಹೊತ್ತು ಸಂಜೆ 6ರಿಂದ 9, ಇಲ್ಲವೇ 9ರಿಂದ 12. ಮಳೆಗಾಲದಲ್ಲಿ ಒಂದೋ ಎರಡೋ. ಕಬ್ಬು ಕಡಿಯುವ ಕಾಲ ಅದು. ನಕ್ಷೆಗಳನ್ನು ಬೇಕರಿ ಟೇಬಲ್ ಮೇಲೆ ಪಕ್ಕಪಕ್ಕ ಜೋಡಿಸಿದಾಗ ಪೆಟ್ಟಿಗೆಯಾಕಾರದ ಒಂದೇ ಗುರುತು ಮತ್ತೆ ಮತ್ತೆ ಕಂಡಿತು. 'ನಿಂತಿದ್ದ ಟ್ರ್ಯಾಕ್ಟರ್ ಟ್ರೈಲರ್'. ತೂಕಕ್ಕೆ ಕಾಯುವ ಟ್ರೈಲರ್‌ಗಳು ವೇಬ್ರಿಡ್ಜಿನಿಂದ ತಿರುವಿನವರೆಗೂ ಸಾಲು ನಿಲ್ಲುತ್ತಿದ್ದವು. ಹಿಂದೆ ರಿಫ್ಲೆಕ್ಟರ್ ಇಲ್ಲ, ದೀಪ ಇಲ್ಲ, ಕಬ್ಬಿನ ಜಲ್ಲೆ ಹೊರಕ್ಕೆ ಚಾಚಿರುತ್ತಿತ್ತು.

ಅಷ್ಟು ದಿನ ಎಲ್ಲರೂ ತಿರುವನ್ನೇ ಬೈಯುತ್ತಿದ್ದರು. ಕೈಯಲ್ಲಿ ಎಫ್‌ಐಆರ್‌ಗಳ ಪೂರ್ತಿ ಕಟ್ಟು ಇದ್ದಾಗ ಇದನ್ನು ಯಾರೂ ಗಮನಿಸಿರಲಿಲ್ಲ. ಆಗ ಎಲ್ಲರೂ ಓದಿದ್ದು ಯಾರು ಯಾರ ಜೊತೆ ಹೋಗುತ್ತಿದ್ದರು ಎನ್ನುವುದನ್ನು.

ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಪಟ್ಟಿ ಹೋಯಿತು. ಟ್ರೈಲರ್‌ಗಳಿಗೆ ರಿಫ್ಲೆಕ್ಟರ್ ಪಟ್ಟಿ ಅಂಟಿಸುವುದು, ಸಾಲನ್ನು ವೇಬ್ರಿಡ್ಜಿನ ಆವರಣದೊಳಗೆ ನಿಲ್ಲಿಸುವುದು, ತಿರುವಿಗೆ ದೀಪ, ಇವಿಷ್ಟು ಒಪ್ಪಿಗೆಯಾದವು. ದೀಪ ಬಂತು. ರಿಫ್ಲೆಕ್ಟರ್ ಆ ಹಂಗಾಮಿನಲ್ಲಿ ಅಂಟಿಸಿದರು. ರಸ್ತೆ ನೇರ ಮಾಡುವ ಅಂದಾಜು ಪಟ್ಟಿ ಇನ್ನೂ ಫೈಲಿನಲ್ಲೇ ಇದೆ.

ಸಮಿತಿಗೆ ಕೊಡುವ ಮನವಿ ತಯಾರಾಗುತ್ತಿದ್ದಾಗ ಒಬ್ಬ ತಾಯಿ ಬಂದರು. ಮಗ ಆ ತಿರುವಿನಲ್ಲಿ ಹೋಗಿದ್ದ. ಪಟ್ಟಿಯಲ್ಲಿ ಅವನು ಒಂದು ಕ್ರಮಸಂಖ್ಯೆ. 'ನನ್ನ ಮಗನಿಗೆ ಹೆಸರಿಲ್ವಾ? ಅವನ ಹೆಸರು ಹಾಕಿ, ಫೋಟೊನೂ ಹಾಕಿ' ಅಂದರು. ಒಪ್ಪಿಗೆ ಬರೆಸಿಕೊಂಡು ಹಾಕಿದೆವು. ಮನವಿಯ ಮೊದಲ ಪುಟದಲ್ಲಿ ಅವನೊಬ್ಬನ ಹೆಸರು ಮಾತ್ರ ಇತ್ತು. ಖಾಸಗಿತನ ಆ ಮನೆಯವರದು. ಅದನ್ನು ಬಿಟ್ಟುಕೊಡುವ ಅಧಿಕಾರವೂ ಅವರದ್ದೇ, ಠಾಣೆಯದ್ದಲ್ಲ, ನಮ್ಮದೂ ಅಲ್ಲ.

ಬಗೆಹರಿಯದೆ ಉಳಿದದ್ದು

ಯುವತಿಯ ಅಣ್ಣ ಎಫ್‌ಐಆರ್ ಅನ್ನು ವೆಬ್‌ಸೈಟಿನಿಂದ ತೆಗೆಯಿರಿ ಎಂದು ಮೇಲಧಿಕಾರಿಗೆ ಅರ್ಜಿ ಕೊಟ್ಟಿದ್ದ. ಅಪಘಾತ ಪ್ರಕರಣ ಸೂಕ್ಷ್ಮ ಪ್ರಕರಣಗಳ ಅಡಿ ಬರುವುದಿಲ್ಲ ಎಂದು ಉತ್ತರ ಬಂತು. 2016ರ ಆದೇಶದಲ್ಲಿ ಲೈಂಗಿಕ ಅಪರಾಧ, ಭಯೋತ್ಪಾದನೆ ಎಂದು ಹೇಳಿದ ಮೇಲೆ ಅಂಥ ಇತರ ಅಪರಾಧಗಳು ಎಂದೂ ಇದೆ. ಡಿವೈಎಸ್‌ಪಿ ಮನಸ್ಸು ಮಾಡಿದ್ದರೆ ದಾರಿ ಇತ್ತೇನೋ. ಆದರೂ ಆ ಆದೇಶ ನೋಡುವುದು ಅಪರಾಧದ ಸ್ವರೂಪವನ್ನು, ಅದರಲ್ಲಿ ಸಿಕ್ಕಿಕೊಂಡ ಮನುಷ್ಯರ ಪರಿಸ್ಥಿತಿಯನ್ನಲ್ಲ. ನೊಂದವರ ಫೋನ್, ಜಾತಿ, ಮನೆ ವಿಳಾಸ ಮುಚ್ಚಿ ಎಫ್‌ಐಆರ್ ಹಾಕಿದರೆ ಆರೋಪಿಯ ಹಕ್ಕಿಗೆ ಯಾವ ಕುಂದೂ ಬರುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಅವನಿಗೆ ಬೇಕಾದ ಪೂರ್ತಿ ಪ್ರತಿ ಠಾಣೆಯಲ್ಲೂ ನ್ಯಾಯಾಲಯದಲ್ಲೂ ಸಿಗುತ್ತದೆ.

ಇದೆಲ್ಲ ನಡೆದ ಮೇಲೆ ಕಾನೂನೇ ಬದಲಾಗಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಕಲಂ 44(3) ಮೂಲಕ ಮಾಹಿತಿ ಹಕ್ಕಿನ 8(1)(ಜೆ) ಮೊಟಕಾಯಿತು. 2025ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂತು. ಮೊದಲು ಆ ಕಲಮಿನೊಳಗೇ ಸಾರ್ವಜನಿಕ ಹಿತ ಇದ್ದರೆ ಕೊಡಬಹುದು ಎಂದಿತ್ತು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಸಾಮಾನ್ಯನಿಗೂ ನಿರಾಕರಿಸುವಂತಿಲ್ಲ ಎಂದೂ ಇತ್ತು. ಈಗ ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು ಎಂದರೆ ಮುಗಿಯಿತು. ಸಾರ್ವಜನಿಕ ಹಿತದ ಮಾತು ಕಲಂ 8(2)ರಲ್ಲಿ ಮಾತ್ರ ಉಳಿದಿದೆ. ಮೇಷ್ಟ್ರ ಮೊದಲ ಅರ್ಜಿಯನ್ನು ಇವತ್ತು ಹಾಕಿದರೆ ಒಂದೇ ಸಾಲಿನ ಆ ಹಿಂಬರಹವನ್ನು ಅಲುಗಾಡಿಸುವುದು ಮೊದಲಿಗಿಂತ ಕಷ್ಟ. ಎರಡನೇ ಅರ್ಜಿಯಲ್ಲಿ ಯಾರೊಬ್ಬರ ವೈಯಕ್ತಿಕ ಮಾಹಿತಿಯೂ ಇಲ್ಲ, ಹಾಗಾಗಿ ಅದಕ್ಕೆ ಈ ತಿದ್ದುಪಡಿ ತಾಗುವುದಿಲ್ಲ. ಅಕ್ಕಪಕ್ಕದ ತಾಲೂಕಿನವರು ಕೇಳಿದಾಗ ನಾನು ಆ ನಮೂನೆಯನ್ನೇ ಕೊಡುತ್ತಿದ್ದೇನೆ.

ಆದರೆ ಹೆಸರು ಬಿಟ್ಟು ಕೇಳುವ ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಪರಿಶೀಲನೆಯ ದಿನ ಆಟೊ ಚಾಲಕರಿಗೆ ಒಂದು ಅಪಘಾತ ಸೂಚಿಯಲ್ಲಿ ಸಿಗಲೇ ಇಲ್ಲ. ಗಾಯಾಳುವನ್ನು ಅವರೇ ಆಟೊದಲ್ಲಿ ಆಸ್ಪತ್ರೆಗೆ ಸಾಗಿಸಿದ್ದರು. ಊರಿನಲ್ಲಿ ಕೇಳಿದರೆ ರಾಜಿ ಆಯಿತು ಎನ್ನುತ್ತಾರೆ. ದಾಖಲಾಗದ ಅಪಘಾತ ಹೆಸರು ಮುಚ್ಚಿದ ಪಟ್ಟಿಯಲ್ಲೂ ಬರುವುದಿಲ್ಲ, ಹೆಸರಿರುವ ಪಟ್ಟಿಯಲ್ಲೂ ಬರುವುದಿಲ್ಲ. ಇಂಥವು ಇನ್ನೆಷ್ಟು ಎಂದು ತಿಳಿಯಲು ಮೇಷ್ಟ್ರು ಈಗ ಆರೋಗ್ಯ ಇಲಾಖೆಗೆ ಅರ್ಜಿ ಹಾಕಿದ್ದಾರೆ. ಆ ತಿರುವಿನಿಂದ 108 ಆಂಬುಲೆನ್ಸಿಗೆ 3 ವರ್ಷಗಳಲ್ಲಿ ಎಷ್ಟು ಕರೆ ಬಂದಿವೆ, ತಿಂಗಳುವಾರು ಸಂಖ್ಯೆ ಮಾತ್ರ ಕೊಡಿ, ರೋಗಿಗಳ ವಿವರ ಬೇಡ ಎಂದು. ಉತ್ತರ ಇನ್ನೂ ಬಂದಿಲ್ಲ.